ಹಿಂದಿನ ಬ್ರೇಕು ಮೆತ್ತಗಿರಬೇಕು



ಹೋದ ವರ್ಷ ಆಷಾಢದ ಮಳೆಯಲ್ಲಿ ನನ್ನ ಮಾರುತಿ 800 ಚರಂಡಿಗೆ ಇಳಿಯಿತು. ಇಳಿಸಿದ್ದು ನಾನೇ. ತೀರ್ಥಹಳ್ಳಿ ಸೀಮೆಯ ಒಳರಸ್ತೆ, ಎದುರಿಗೆ ಬಸ್ಸು. ಸೈಡು ಕೊಡೋಣವೆಂದು ಎಡಕ್ಕೆ ಸರಿದೆ. ಮುಂದಿನ ಚಕ್ರ ಹೇಗೋ ದಾಟಿಕೊಂಡಿತು. ಹಿಂದಿನದು ಮೋರಿಯ ಕಲ್ಲಿಗೆ ಬಡಿದು ಕೆಳಗೆ ಕೂತಿತು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ನಾಲ್ಕು ಜನ ಬಂದು, ಕೈ ತೊಳೆದುಕೊಂಡು, ಹಿಂಭಾಗವನ್ನು ಹಾಗೇ ಎತ್ತಿ ರಸ್ತೆಗಿಟ್ಟರು. ಖಾಲಿ ಕಾರು ಸುಮಾರು 650 ಕಿಲೋ. ಅದರಲ್ಲೂ ಇಂಜಿನ್ನು, ಗೇರ್ ಬಾಕ್ಸು ಎಲ್ಲ ಮುಂದೆ ಇರುವುದರಿಂದ ಹಿಂಭಾಗ ಇನ್ನೂ ಹಗುರ. ಬಸ್ಸಿನವರು ಕಿಟಕಿಯಿಂದ ಚೆನ್ನಾಗಿ ನೋಡಿ ಹೋದರು.

ಏನೂ ಆಗಲಿಲ್ಲ ಎಂದುಕೊಂಡೆ. ಎರಡು ತಿಂಗಳು ಕಳೆದ ಮೇಲೆ ನೋಡಿದರೆ, ನೇರ ರಸ್ತೆಯಲ್ಲಿ ಹೋಗುವಾಗ ಸ್ಟೇರಿಂಗು ಮಾತ್ರ ಒಂದು ಚೂರು ಓರೆ. ಹಿಂದಿನ ಎಡ ಟೈರಿನ ಒಳಬದಿ ಸವೆದು ನುಣ್ಣಗಾಗಿತ್ತು. ವೀಲ್ ಅಲೈನ್‌ಮೆಂಟ್ ಮಾಡುವ ಕಡೆ ಹೋದೆ. ಪರದೆಯ ಮೇಲೆ ಮುಂದಿನ ಎರಡು ಚಕ್ರ ಹಸಿರು, ಹಿಂದಿನದು ಕೆಂಪು. ಅಲ್ಲಿದ್ದ ಹುಡುಗ ಮುಂದಿನದು ಸರಿಯಿದೆ ಎಂದು ದುಡ್ಡು ಕೇಳಿದ. ಹಿಂದಿನದು ಎಂದೆ. "ಈ ಗಾಡೀಲಿ ಹಿಂದೆ ಅಡ್ಜಸ್ಟ್ ಮಾಡೋಕೆ ಏನೂ ಇಲ್ಲ ಸಾರ್" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಈ ದಿನ ನಾನು ಮಾತಾಡುವುದು ಆ "ಏನೂ ಇಲ್ಲ" ಎನ್ನುವ ಜಾಗದ ಬಗ್ಗೆ.

ಮಾರುತಿ 800 ಗೊತ್ತಿಲ್ಲದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಕೊಟ್ಟರು. 1986ರಲ್ಲಿ, ಇವತ್ತಿಗೂ ನಾವು ರಸ್ತೆಯಲ್ಲಿ ಕಾಣುವ ಹೊಸ ಆಕಾರ ಬಂತು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಕಾರ್ಖಾನೆ ನಿಲ್ಲಿಸಿದರೂ ನಮ್ಮ ಕಡೆಯ ತೋಟದ ಮನೆಗಳು ನಿಲ್ಲಿಸಿಲ್ಲ. ಅಡಕೆ ಚೀಲ, ಹಾಲಿನ ಕ್ಯಾನು, ಆಸ್ಪತ್ರೆಗೆ ಹೊರಟ ಅಜ್ಜಿ, ಎಲ್ಲ ಅದರಲ್ಲೇ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾಲದ ಕಾರುಗಳಲ್ಲಿ ಹಿಂದಿನ ಆಕ್ಸಲ್ ಎಂದರೆ ದೊಡ್ಡ ಸಂಸಾರ. ಹೊಟ್ಟೆಯೊಳಗೆ ಡಿಫರೆನ್ಷಿಯಲ್ಲು, ಗೇರೆಣ್ಣೆ, ಎರಡು ಕಡೆಗೆ ತಿರುಗುವ ಶಾಫ್ಟು. ಮಾರುತಿಯನ್ನು ಎಳೆಯುವುದು ಮುಂದಿನ ಚಕ್ರಗಳು. ಹಿಂದಿನ ಆಕ್ಸಲ್ ತಿರುಗುವುದೂ ಇಲ್ಲ, ತಿರುಗಿಸುವುದೂ ಇಲ್ಲ. ಅದು ಎತ್ತಿನ ಗಾಡಿಯ ಅಚ್ಚು, ಅಷ್ಟೆ. ಅಚ್ಚು ಅಲ್ಲಾಡದೆ ಇರುತ್ತದೆ, ಚಕ್ರ ಅದರ ತುದಿಯಲ್ಲಿ ಸುತ್ತುತ್ತದೆ, ಚಕ್ರ ಕಳಚಿ ಬೀಳದ ಹಾಗೆ ಹೊರಗಡೆಯಿಂದ ಒಂದು ಕಡಾಣಿ. ಮಾರುತಿಯಲ್ಲಿ ಕಡಾಣಿಯ ಬದಲು ಕೋಟೆಯ ತೆನೆಯ ಹಾಗೆ ಕಚ್ಚುಗಳಿರುವ ಒಂದು ನಟ್ಟು, ಅದರ ಕಚ್ಚಿನಲ್ಲಿ ತೂರಿಸಿ ಮಡಚಿದ ಸ್ಪ್ಲಿಟ್ ಪಿನ್ನು. ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕುವವರನ್ನು ನಾನು ನೋಡಿದ್ದೇನೆ. ಗಾಡಿ ಹೊಡೆಯುವವನೂ ಸವೆದ ಕಡಾಣಿಯನ್ನು ನಂಬುತ್ತಿರಲಿಲ್ಲ.

ಈ ಅಚ್ಚನ್ನು ಕಾರಿನ ಹೊಟ್ಟೆಗೆ ಹಿಡಿದಿಡುವವು ಮೂರು. ಎರಡು ಟ್ರೇಲಿಂಗ್ ಆರ್ಮ್‌ಗಳು, ಮುಂದಕ್ಕೆ ಚಾಚಿದ ಎರಡು ತೋಳುಗಳ ಹಾಗೆ. ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಇವು ನೋಡಿಕೊಳ್ಳುತ್ತವೆ. ಮೂರನೆಯದು ಅಡ್ಡಲಾಗಿರುವ ಒಂದು ಸರಳು, ಒಂದು ತುದಿ ಆಕ್ಸಲ್ಲಿಗೆ, ಇನ್ನೊಂದು ಬಾಡಿಗೆ. ಎಡ ಬಲ ತೂರಾಡದಂತೆ ತಡೆಯುವುದು ಇದು. ಭಾರ ಹೊರಲು ಎರಡು ಸ್ಪ್ರಿಂಗು, ಕುಣಿತ ಅಡಗಿಸಲು ಎರಡು ಶಾಕ್ ಅಬ್ಸರ್ಬರು. ತೋಳು, ಸರಳುಗಳ ಪ್ರತಿ ತುದಿಗೂ ಒಂದು ರಬ್ಬರ್ ಬುಷ್ಷು. ಹುಡುಗ ಹೇಳಿದ ಹಾಗೆ ಅಡ್ಜಸ್ಟ್ ಮಾಡುವುದು ಏನೂ ಇಲ್ಲ, ಯಾಕೆಂದರೆ ಚಕ್ರದ ನೇರ, ಚಕ್ರದ ವಾಲು ಎರಡೂ ಆಕ್ಸಲ್ ಎಂಬ ಆ ಕೊಳವೆಯ ನೇರದಲ್ಲೇ ಅಡಗಿವೆ. ಕೊಳವೆ ಬಗ್ಗಿದರೆ ಆಕ್ಸಲ್ಲನ್ನೇ ಬದಲಾಯಿಸಬೇಕು.

ಬಗ್ಗಿದೆಯೋ ಇಲ್ಲವೋ ಎಂದು ನಮ್ಮ ಮೇಸ್ತ್ರಿ ನೋಡಿದ್ದು ಅಳತೆಪಟ್ಟಿ, ದಾರ ಹಿಡಿದು. ಮೇಸ್ತ್ರಿಯವರ ಗ್ಯಾರೇಜು ಒಂದು ಹಲಸಿನ ಮರ, ನಾಲ್ಕು ತಗಡು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ, ಎರಡೂ ಕಡೆ ಅಳೆದರು. ಈ ಕಾರಿನ ಚಕ್ರದ ಅಂತರ 2175 ಮಿಲಿಮೀಟರು. ಎಡಗಡೆ ಅದಕ್ಕಿಂತ ಹೆಚ್ಚು ಬಂತು. ಆಮೇಲೆ ಚಕ್ರದ ಪಕ್ಕದಲ್ಲಿ ದಾರ ಬಿಗಿದು, ಹಿಂದಿನ ಎಡ ಚಕ್ರದ ಮುಂಬದಿ ಹೊರಕ್ಕೆ ತಿರುಗಿದೆ ಎಂದು ಬೆರಳಿಟ್ಟು ತೋರಿಸಿದರು. "ಮೇಷ್ಟ್ರೆ, ನಿಮ್ಮ ಗಾಡಿ ಏಡಿ ಹೋದ ಹಾಗೆ ಹೋಗ್ತಿದೆ" ಎಂದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಪರದೆಯ ಮೇಲಿನ ಕೆಂಪು ಅಂಕಿಗಿಂತ ಆ ದಾರ ನನಗೆ ಚೆನ್ನಾಗಿ ಅರ್ಥವಾಯಿತು.

ಸುದ್ದಿ ಬೆಂಗಳೂರಿಗೆ ಹೋಯಿತು. ನನ್ನ ತಂಗಿಯ ಮಗನಿಗೆ ಕಾರಿನ ಹುಚ್ಚು. ರಾತ್ರಿ ಫೋನು ಮಾಡಿದ. "ಹೇಗೂ ಬಿಚ್ತಾ ಇದೀರಲ್ಲ ಮಾವ, ಹಿಂದಕ್ಕೂ ಡಿಸ್ಕ್ ಬ್ರೇಕ್ ಹಾಕಿಸಿಬಿಡಿ. ದೊಡ್ಡ ಕಾರಿಂದು ಆಕ್ಸಲ್ ಸಮೇತ ತಂದು ಕೂರಿಸೋರಿದ್ದಾರೆ ಇಲ್ಲಿ. ಘಾಟಿ ಇಳಿಯೋರು ನೀವು, ಬ್ರೇಕ್ ಸ್ಟ್ರಾಂಗ್ ಇರಬೇಕು."

ಕೇಳಲಿಕ್ಕೆ ನ್ಯಾಯವೇ. ಬ್ರೇಕು ಎಷ್ಟು ಬಲವಿದ್ದರೆ ಅಷ್ಟು ಒಳ್ಳೆಯದಲ್ಲವೆ? ಮುಂದಕ್ಕೆ ಡಿಸ್ಕು ಇದೆ, ಹಿಂದಕ್ಕೆ ಡ್ರಮ್ಮು ಇದೆ. ಕಂಪನಿಯವರು ಜಿಪುಣತನ ಮಾಡಿದ್ದಾರೆ ಎಂದು ಬಹಳ ಜನ ತಿಳಿದಿದ್ದಾರೆ. ಸ್ವಲ್ಪ ಜಿಪುಣತನವೂ ಇರಬಹುದು. ಆದರೆ ಲೆಕ್ಕ ಬೇರೆಯೇ ಇದೆ, ಅದನ್ನು ನಿಮ್ಮ ಮುಂದೆಯೇ ಮಾಡುತ್ತೇನೆ.

ಇಬ್ಬರು ಕೂತ ಕಾರು, ಒಟ್ಟು 800 ಕಿಲೋ ಎನ್ನಿ. ನಿಂತಾಗ ಮುಂದಿನ ಚಕ್ರಗಳ ಮೇಲೆ 480, ಹಿಂದಿನವುಗಳ ಮೇಲೆ 320. ಜೋರಾಗಿ ಬ್ರೇಕು ಒತ್ತಿದಾಗ ಏನಾಗುತ್ತದೆಂದು ನಿಮ್ಮ ಮೈಗೇ ಗೊತ್ತು: ಮೂತಿ ಬಗ್ಗುತ್ತದೆ, ಬಾಲ ಏಳುತ್ತದೆ, ಹಿಂದಿನ ಸೀಟಿನ ಮೇಲಿಟ್ಟ ತರಕಾರಿ ಚೀಲ ಮುಂದಕ್ಕೆ ಬರುತ್ತದೆ. ಭಾರವೂ ಹಾಗೆಯೇ ಮುಂದಕ್ಕೆ ಬರುತ್ತದೆ. ಕಾರಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರು ಮೇಲಿದೆ ಎಂದಿಟ್ಟುಕೊಂಡು, ಒಣ ರಸ್ತೆಯ ಗಟ್ಟಿ ಬ್ರೇಕಿಗೆ ಲೆಕ್ಕ ಹಾಕಿದರೆ, ಸುಮಾರು 130 ಕಿಲೋದಷ್ಟು ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಹಿಂದೆ ಉಳಿಯುವುದು 200ಕ್ಕಿಂತ ಕಡಿಮೆ. ಮುಂದೆ 600ರ ಮೇಲೆ.

ಟೈರು ರಸ್ತೆಯನ್ನು ಹಿಡಿಯುವುದು ತನ್ನ ಮೇಲೆ ಬಿದ್ದ ಭಾರದಷ್ಟೇ. 200 ಕಿಲೋ ಹೊತ್ತ ಚಕ್ರಗಳಿಗೆ 600 ಕಿಲೋ ಹೊತ್ತ ಚಕ್ರಗಳಷ್ಟು ಬ್ರೇಕು ಕೊಟ್ಟರೆ ಅವು ನಿಲ್ಲುವುದಿಲ್ಲ, ಜಾಮ್ ಆಗಿ ಜಾರುತ್ತವೆ. ಮುಂದಿನ ಚಕ್ರ ಜಾಮ್ ಆದರೆ ಸ್ಟೇರಿಂಗು ಕೇಳುವುದಿಲ್ಲ, ಕಾರು ನೇರ ಹೋಗುತ್ತದೆ, ಅದೂ ಕೆಟ್ಟದ್ದೇ. ಹಿಂದಿನದು ಮೊದಲು ಜಾಮ್ ಆದರೆ ಬಾಲ ಪಕ್ಕಕ್ಕೆ ಹೊರಟು ಮೂತಿಯನ್ನು ಹಿಂದೆ ಹಾಕಲು ನೋಡುತ್ತದೆ. ಮಳೆಗಾಲದಲ್ಲಿ, ಪಾಚಿ ಹಿಡಿದ ನಮ್ಮ ರಸ್ತೆಯ ಅಂಚಿನಲ್ಲಿ, ಇದಕ್ಕೆ ದೊಡ್ಡ ವೇಗವೇನೂ ಬೇಕಾಗಿಲ್ಲ. ಕಾರು ಕಟ್ಟಿದವರು ಹಿಂದಿನ ಬ್ರೇಕನ್ನು ಬೇಕೆಂದೇ ಮೆತ್ತಗೆ ಇಟ್ಟಿದ್ದಾರೆ. ಹಿಂದೆ ಡಿಸ್ಕು ಇರುವ ಈಗಿನ ಕಾರುಗಳ ಮಾತು ಬೇರೆ. ಅಲ್ಲಿ ಯಾವ ಚಕ್ರ ಜಾಮ್ ಆಗುತ್ತಿದೆ ಎಂದು ಕ್ಷಣಕ್ಷಣ ನೋಡಿ ಒತ್ತಡ ಸಡಿಲಿಸುವ ಎಬಿಎಸ್ ಇದೆ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಡಿಸ್ಕನ್ನು ಗುಜರಿಯಿಂದ ತರಬಹುದು, ಅದನ್ನು ಕಾಯುವ ಆ ಬುದ್ಧಿಯನ್ನು ತರಲಾಗುವುದಿಲ್ಲ.

ಡಿಸ್ಕಿನ ಮಾತು ಬಿಡಿ, ಡ್ರಮ್ಮಿನೊಳಗಿನ ಪುಟ್ಟ ವೀಲ್ ಸಿಲಿಂಡರನ್ನೇ ತೆಗೆದುಕೊಳ್ಳಿ. ಪೆಡಲು ಒತ್ತಿದಾಗ ಎರಡು ಬ್ರೇಕ್ ಶೂಗಳನ್ನು ಹೊರಕ್ಕೆ ನೂಕುವುದು ಅದು. ಒಂದು ಕಾರಿನದು 19 ಮಿಲಿಮೀಟರು, ಇನ್ನೊಂದರದು 22 ಎಂದಿಟ್ಟುಕೊಳ್ಳಿ. ಮೂರೇ ಮಿಲಿಮೀಟರಿನ ವ್ಯತ್ಯಾಸ, ಕಣ್ಣಿಗೆ ಕಾಣುವುದೂ ಕಷ್ಟ. ಆದರೆ ಬಲ ಬೆಳೆಯುವುದು ವ್ಯಾಸದ ಲೆಕ್ಕದಲ್ಲಲ್ಲ, ವಿಸ್ತೀರ್ಣದ ಲೆಕ್ಕದಲ್ಲಿ. 22ರ ವರ್ಗ 484, 19ರ ವರ್ಗ 361. ಮೂರನೇ ಒಂದು ಪಾಲು ಜಾಸ್ತಿ! ಒಂದು ಕಡೆಗೆ ಅದು, ಇನ್ನೊಂದು ಕಡೆಗೆ ಇದು ಹಾಕಿದರಂತೂ ಬ್ರೇಕು ಒತ್ತಿದಾಗಲೆಲ್ಲ ಕಾರು ಒಂದೇ ಕಡೆಗೆ ಎಳೆಯುತ್ತದೆ. ಹತ್ತನೇ ತರಗತಿಯ ಮಕ್ಕಳಿಗೆ ಪ್ಯಾಸ್ಕಲನ ನಿಯಮ ಹೇಳುವಾಗ ಇದನ್ನು ತೋರಿಸಬೇಕಾಗಿತ್ತು ಎಂದು ನನಗೆ ನಿವೃತ್ತಿಯಾದ ಮೇಲೆ ಹೊಳೆಯಿತು.

ಇನ್ನೂ ಇದೆ. ದೊಡ್ಡ ಕಾರಿನ ಡಿಸ್ಕಿನ ಮೇಲೆ ಮಾರುತಿಯ 12 ಇಂಚಿನ ಚಕ್ರ ಕೂರುವುದಿಲ್ಲ. ಚಕ್ರ ದೊಡ್ಡದಾಯಿತು, ನಾಲ್ಕೂ ದೊಡ್ಡದಾಗಬೇಕು. ಆಗ ಸ್ಪೀಡೋಮೀಟರು ಸುಳ್ಳು ಹೇಳುತ್ತದೆ. ಹ್ಯಾಂಡ್ ಬ್ರೇಕಿನ ಕೇಬಲ್ಲು ಹೊಂದುವುದಿಲ್ಲ. ಮಾಸ್ಟರ್ ಸಿಲಿಂಡರು ಅಷ್ಟು ಎಣ್ಣೆ ನೂಕುತ್ತದೋ ಇಲ್ಲವೋ. ಒಂದು ಹಲ್ಲು ನೋವೆಂದು ಹೋಗಿ ಬಾಯಿಯ ಹಲ್ಲೆಲ್ಲ ಕೀಳಿಸಿಕೊಂಡ ಹಾಗೆ. ಇದರ ಮೇಲೆ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳಿತು. ನಮ್ಮ ಹಳೇ ಕಾರುಗಳೋ, ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಂತು ಮೈ ತೋರಿಸಬೇಕಾದವು. ಅದೇ ಮಾಡೆಲ್ಲಿನ ಆಕ್ಸಲ್ ಹಾಕಿದರೆ ಅದು ರಿಪೇರಿ. ಬೇರೆ ಕಾರಿನದು ಹಾಕಿದರೆ ಮಾರ್ಪಾಡು. ಅಳಿಯನಿಗೆ ಇಷ್ಟನ್ನೂ ಹೇಳಿದೆ. "ನೀವು ಪಾಠ ಶುರು ಮಾಡಿದ್ರೆ ಕಷ್ಟ ಮಾವ" ಎಂದ. ಆದರೆ ಹುಡುಗ ಒಳ್ಳೆಯವನು. ಮಾರನೇ ಭಾನುವಾರವೇ ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋಗಿ, ಮಾರುತಿ 800ರದ್ದೇ ಎಂದು ಒಂದು ಆಕ್ಸಲ್ಲನ್ನು ಹುಡುಕಿ ಕಳಿಸಿದ.

ಅದು ಬಸ್ಸಿನ ಟಾಪಿನ ಮೇಲೆ ಬಂತು. ಮೇಸ್ತ್ರಿ ಅದನ್ನು ಸಿಮೆಂಟು ನೆಲದ ಮೇಲೆ ಉರುಳಿಸಿ ನೋಡಿದರು, ತುಕ್ಕು ಕೆರೆದು ನೋಡಿದರು, ಸ್ಪ್ರಿಂಗು ಕೂರುವ ಬಟ್ಟಲಿಗೆ ಸುತ್ತಿಗೆಯಿಂದ ಟಣ್ ಟಣ್ ಎಂದು ಬಡಿದು ಕೇಳಿದರು. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಆ ಬಟ್ಟಲಿನಲ್ಲೇ ಉಪ್ಪು, ಕೆಸರು ನಿಂತು ಒಳಗಿಂದೊಳಗೇ ತಿಂದಿರುತ್ತದೆ. ಸದ್ದು ಮೊದ್ದಾಗಿ ಬರುತ್ತದೆ. ಸದ್ದು ಚೆನ್ನಾಗಿತ್ತು. ಆದರೆ ಅಡ್ಡ ಸರಳಿನ ಬ್ರಾಕೆಟ್ಟು ನಮ್ಮದಕ್ಕಿಂತ ಬೆರಳಗಲ ಆಚೆ ಇತ್ತು. ಅಣ್ಣ ತಮ್ಮಂದಿರಂತಿದ್ದ ಬೇರೆ ಯಾವುದೋ ಗಾಡಿಯದು. ವೆಲ್ಡಿಂಗ್ ಮಾಡಿಸಿ ಸರಿಸಬಹುದಲ್ಲ ಎಂದೆ. ಮೇಸ್ತ್ರಿ ಮುಖ ನೋಡಿದರು. "ಮನೆ ಗೇಟಾದ್ರೆ ಸರಿಸ್ತಿದ್ದೆ" ಎಂದರು. ಅದು ವಾಪಸು ಹೋಯಿತು. ಎರಡನೆಯದು ಬರಲು ಹದಿನೆಂಟು ದಿನ ಹಿಡಿಯಿತು. ಅಷ್ಟೂ ದಿನ ನನ್ನ ಸಂಚಾರ ಬಸ್ಸಿನಲ್ಲಿ, ಬಹುಶಃ ನನ್ನನ್ನು ಮೋರಿಗೆ ಇಳಿಸಿದ ಅದೇ ಬಸ್ಸಿನಲ್ಲಿ.

ಕೆಲಸದ ದಿನ ನಾನೂ ಹೋಗಿ ಕೂತೆ. ಮೊದಲು ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರಿನಲ್ಲಿ ನಿಲ್ಲಿಸಿದರು. ಹ್ಯಾಂಡ್ ಬ್ರೇಕು ಎಳೆದಿದ್ದೇನೆ ಎಂದೆ. ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನ ಚಕ್ರವನ್ನು, ಹಿಂದಿನ ಚಕ್ರವನ್ನೇ ಮೇಲೆತ್ತಿದ ಮೇಲೆ ಅದು ಯಾರನ್ನು ಹಿಡಿದೀತು? ಎತ್ತಿದ್ದು ಜಾಕಿಯಿಂದ, ನಿಲ್ಲಿಸಿದ್ದು ಕಬ್ಬಿಣದ ಸ್ಟ್ಯಾಂಡಿನ ಮೇಲೆ. ದಯವಿಟ್ಟು ಯಾರೂ ಬರೀ ಜಾಕಿಯನ್ನು ನಂಬಿ ಕಾರಿನ ಕೆಳಗೆ ಮಲಗಬೇಡಿ. ಹಾಲೋ ಬ್ಲಾಕನ್ನಂತೂ ಇಡಲೇಬೇಡಿ; ಅದು ಹೇಳದೆ ಕೇಳದೆ ಪುಡಿಯಾಗುತ್ತದೆ.

ಡ್ರಮ್ಮು ಬರಲು ಒಪ್ಪಲಿಲ್ಲ. ಗ್ಯಾರೇಜಿನ ಹುಡುಗ ಚಕ್ರವನ್ನೇ ಮತ್ತೆ ಎರಡು ನಟ್ಟಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು, ಹಲಸಿನಹಣ್ಣು ಕೀಳುವವನ ಹಾಗೆ ಅಲ್ಲಾಡಿಸಿ ಎಳೆದ. ಬಂತು. ಒಳಗೆ ಕಪ್ಪು ಧೂಳು. ಹುಡುಗ ಗಾಳಿ ಪೈಪು ತಂದ. ಮೇಸ್ತ್ರಿ ಗದರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿದರು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶದಲ್ಲಿ ಕೂತರೆ ಏಳುವುದಿಲ್ಲ. ಗಾಳಿ ಹೊಡೆದು ಮೋಡ ಎಬ್ಬಿಸಿ, ಅದರ ನಡುವೆ ಬೀಡಿ ಹಚ್ಚಿ ನಿಂತವರನ್ನು ನಾವೆಲ್ಲ ನೋಡಿದ್ದೇವೆ.

ಬ್ರೇಕನ್ನು ಎರಡೂ ಕಡೆ ಒಟ್ಟಿಗೆ ಬಿಚ್ಚಲಿಲ್ಲ. ಬಲಗಡೆ ಬಿಚ್ಚುವಾಗ ಎಡಗಡೆ ಹಾಗೇ ಇರಬೇಕು, ಯಾವ ಸ್ಪ್ರಿಂಗು ಯಾವ ತೂತಿಗೆ ಎಂದು ನೋಡಲಿಕ್ಕೆ. ಕನ್ನಡಿಯಲ್ಲಿ ನೋಡಿದ ಹಾಗೆ, ಎಡದ್ದು ಬಲಕ್ಕೆ ತಿರುಗುಮುರುಗು. ಈಗಿನ ಹುಡುಗರು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಾರೆ, ಅದೂ ಒಳ್ಳೆಯದೇ. ಹೊಸ ಶೂ, ಹೊಸ ವೀಲ್ ಸಿಲಿಂಡರು, ಹೊಸ ಬೇರಿಂಗು, ಎಲ್ಲ ಜೋಡಿಯಾಗಿಯೇ. ಡ್ರಮ್ಮು ಮಾತ್ರ ಹಳೆಯದು. ಲೇತಿಗೆ ಕೊಟ್ಟು ಒಳಮೈ ನುಣುಪು ಮಾಡಿಸಿದರು, ಎಲ್ಲಿಯವರೆಗೆ ಕೆತ್ತಬಹುದೆಂಬ ಅಂಕಿ ಡ್ರಮ್ಮಿನ ಮೇಲೇ ಅಚ್ಚಾಗಿರುತ್ತದೆ. ಆಮೇಲೆ ನನಗೆ ಬಹಳ ಹಿಡಿಸಿದ ಕೆಲಸ. ಡ್ರಮ್ಮಿನ ಒಳಗೆ ಸೀಮೆಸುಣ್ಣ ಹಚ್ಚಿ, ಶೂವನ್ನು ಅದಕ್ಕೆ ಒತ್ತಿ ಉಜ್ಜಿ, ಎಲ್ಲಿ ಬಿಳಿ ಹತ್ತಿದೆ ನೋಡಿದರು. ನಡುವೆ ಮಾತ್ರ ಹತ್ತಿತ್ತು. ಅರದಿಂದ ಉಜ್ಜಿ, ಮತ್ತೆ ಸುಣ್ಣ, ಮತ್ತೆ ಅರ. ತುದಿಯಿಂದ ತುದಿಗೆ ಬೆಳ್ಳಗಾಗುವವರೆಗೆ ಬಿಡಲಿಲ್ಲ. ಇಷ್ಟು ವರ್ಷ ಸೀಮೆಸುಣ್ಣ ಹಿಡಿದ ನನಗೆ ಅದರ ಈ ಉಪಯೋಗ ಗೊತ್ತಿರಲಿಲ್ಲ.

ಆಕ್ಸಲ್ ಕೂರಿಸಿದ ಮೇಲೆ ಬೋಲ್ಟುಗಳನ್ನು ಕೈಬಿಗಿ ಮಾಡಿ ಬಿಟ್ಟರು. ಮರೆತರೇನೋ ಎಂದುಕೊಂಡೆ. ಮರೆತಿರಲಿಲ್ಲ. ಕಾರು ಸ್ಟ್ಯಾಂಡಿನ ಮೇಲಿರುವಾಗ ಆಕ್ಸಲ್ ಕೆಳಕ್ಕೆ ಜೋಲು ಬಿದ್ದಿರುತ್ತದೆ. ಆಗಲೇ ಬಿಗಿದರೆ ರಬ್ಬರ್ ಬುಷ್ಷು ಆ ಜೋತ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಕಾರನ್ನು ನೆಲಕ್ಕಿಳಿಸಿದೊಡನೆ ಆಕ್ಸಲ್ ಮೇಲೆ ಬಂದು ರಬ್ಬರು ತಿರುಚಿಕೊಳ್ಳುತ್ತದೆ, ಆಮೇಲೆ ಅದರ ಜನ್ಮಪೂರ್ತಿ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ಷು ಆರೇ ತಿಂಗಳಲ್ಲಿ ಹರಿಯಿತು, ಡೂಪ್ಲಿಕೇಟ್ ಮಾಲು ಕೊಟ್ಟರು ಎಂದು ಅಂಗಡಿಯವರನ್ನು ಬೈಯುತ್ತೇವೆ. ಮೇಸ್ತ್ರಿ ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ನನ್ನನ್ನೂ ಒಂದು ಗೊಬ್ಬರದ ಚೀಲವನ್ನೂ ಕೂರಿಸಿ, ಬಾಡಿಯನ್ನು ನಾಲ್ಕು ಸಲ ಒತ್ತಿ ಕುಣಿಸಿ, ಆಮೇಲೆ ಕೆಳಗೆ ನುಸುಳಿ ಬೋಲ್ಟು ಬಿಗಿದರು.

ಕೊನೆಗೆ ಬ್ಲೀಡಿಂಗು, ಅಂದರೆ ಗಾಳಿ ಹೊರಹಾಕುವ ಕೆಲಸ. ಬ್ರೇಕಿನ ಕೊಳವೆಯೊಳಗೆ ಗಾಳಿ ಸೇರಿದ್ದರೆ ಪೆಡಲು ಸ್ಪಂಜಿನ ಹಾಗಾಗುತ್ತದೆ, ಯಾಕೆಂದರೆ ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡುವುದು ರೂಢಿ. ನಾನು ಒಳಗೆ, ಮೇಸ್ತ್ರಿ ಕೆಳಗೆ. "ಒತ್ತಿ ಮೇಷ್ಟ್ರೆ... ಒತ್ತಿ... ಹಿಡ್ಕೊಳ್ಳಿ... ಬಿಡಬೇಡಿ..." ಅವರು ನಿಪ್ಪಲ್ಲು ಸಡಿಲಿಸಿದಾಗ ಪೆಡಲು ಕಾಲಡಿಯಲ್ಲಿ ಕುಸಿಯುತ್ತದೆ, ಮತ್ತೆ ಬಿಗಿಯುವವರೆಗೆ ಕಾಲು ತೆಗೆಯಬಾರದು. ಒಂದು ಸಲ ತೆಗೆದೆ. ಕೆಳಗಿನಿಂದ ಬಂದ ಮಾತನ್ನು ಬಾನುಲಿಯಲ್ಲಿ ಹೇಳುವ ಹಾಗಿಲ್ಲ.

ಹಳೇ ಬ್ರೇಕ್ ಎಣ್ಣೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಈ ಎಣ್ಣೆಯ ದೋಷ ಎಂದರೆ ಗಾಳಿಯಲ್ಲಿನ ನೀರಿನಂಶವನ್ನು ಹೀರುವುದು. ನಮ್ಮ ಮಲೆನಾಡಿನ ಗಾಳಿಯಲ್ಲಿ ಅದಕ್ಕೇನು ಕಡಿಮೆಯೆ? ಡಾಟ್ 3 ಎನ್ನುವ ಸಾಮಾನ್ಯ ಎಣ್ಣೆ ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕು ಒತ್ತಿಕೊಂಡೇ ಇಳಿದರೆ ಆ ಬಿಸಿ ಏರುವುದು ಕಷ್ಟವಲ್ಲ. ಎಣ್ಣೆ ಕುದಿದು ಆವಿಯಾಯಿತೋ, ಆವಿಯೂ ಗಾಳಿಯೇ: ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಬ್ರೇಕು ಸ್ಟ್ರಾಂಗ್ ಇರಬೇಕು ಎಂದ ಅಳಿಯನಿಗೆ ಕೊಡಬೇಕಾದ ಉತ್ತರ ಇಲ್ಲಿತ್ತು. ಘಾಟಿಗೆ ಬೇಕಾದ್ದು ಒಂದು ಡಬ್ಬಿ ಹೊಸ ಎಣ್ಣೆ, ಮತ್ತು ಎರಡನೇ ಗೇರು.

ಹೊಸ ಶೂಗಳನ್ನು ಒಂದು ವಾರ ಮೆಲ್ಲಗೆ ಪಳಗಿಸಿ, ಆಮೇಲೆ ಮೇಸ್ತ್ರಿಯವರನ್ನೂ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದೆ. ಹದಿನಾಲ್ಕು ತಿರುವು. ಸ್ಟೇರಿಂಗು ನೆಟ್ಟಗೆ ನಿಂತಿತ್ತು. ಅವರು ಮಾತಾಡಲಿಲ್ಲ, ಗಾಜು ಇಳಿಸಿ ಹಿಂದಿನ ಚಕ್ರದ ಸದ್ದು ಕೇಳುತ್ತಿದ್ದರು. ಕೆಳಗೆ ಸೋಮೇಶ್ವರದಲ್ಲಿ ನಿಲ್ಲಿಸಲು ಹೇಳಿ ಇಳಿದರು. ಒಂದೊಂದೇ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಜ್ವರ ನೋಡುವವರ ಹಾಗೆ ಅಂಗೈ ಹಿಂದುಮುಂದು ಮಾಡಿ ಹಿಡಿದರು. ಮುಂದಿನ ಎರಡರ ಹತ್ತಿರ ಕೈ ಇಡಲಾಗುತ್ತಿರಲಿಲ್ಲ. ಹಿಂದಿನ ಎರಡೂ ಬೆಚ್ಚಗಿದ್ದವು, ಎಡದ್ದೂ ಬಲದ್ದೂ ಒಂದೇ ಬೆಚ್ಚಗೆ.

"ಚಾ ಕುಡಿಯುವ, ಮೇಷ್ಟ್ರೆ" ಎಂದರು.